ವಯಸ್ಸಾದವರಿಗೆ ಐಸಿಯು: ಶಿವಮೊಗ್ಗದ ಒಂದು ಆಸ್ಪತ್ರೆಯ ಸೇವೆಯ ವಿಮರ್ಶೆ

ಕಳೆದ ಮಳೆಗಾಲದಲ್ಲಿ ನಮ್ಮ ದೊಡ್ಡಮ್ಮನನ್ನು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಗಿ ಬಂತು. ಆ ಘಟಕದ ಸೇವೆ ಹೇಗಿತ್ತು ಎಂಬುದನ್ನು, ಮುಖ್ಯವಾಗಿ ಎಂಬತ್ತು ದಾಟಿದ ರೋಗಿಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ತೀರ್ಮಾನಿಸಲು ಅದು ಮನೆಯವರಿಗೆ ಎಷ್ಟರ ಮಟ್ಟಿಗೆ ನೆರವಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಹಾಕಿಲ್ಲ. ನಾನು ಎತ್ತುವ ಆಕ್ಷೇಪಗಳು ಬೇರೆ ಆಸ್ಪತ್ರೆಗಳಿಗೆ ಹೋಗಿಬಂದ ನೆಂಟರಿಷ್ಟರ ಬಾಯಲ್ಲೂ ಕೇಳಿಬಂದಂಥವು; ಅವನ್ನು ಒಂದೇ ಹೆಸರಿಗೆ ಅಂಟಿಸುವುದು ನ್ಯಾಯವಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರ, ಸೊರಬದ ಹಳ್ಳಿಗಳಿಂದ ರಾತ್ರೋರಾತ್ರಿ ಹಿರಿಯರನ್ನು ಕರೆತರುವವರಿಗೆ ಯಾವ ಆಸ್ಪತ್ರೆ ಎಂಬುದಕ್ಕಿಂತ, ಬಂದ ಮೇಲೆ ಏನನ್ನು ಕೇಳಬೇಕು ಎಂಬುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನಂಬಿದ್ದೇನೆ.

ದೊಡ್ಡಮ್ಮನಿಗೆ 84 ವರ್ಷ. ಹೊಸನಗರ ತಾಲ್ಲೂಕಿನ ತೋಟದ ಮನೆಯಲ್ಲಿ ಹಿರಿಯ ಮಗನ ಜೊತೆ ಇದ್ದಾರೆ. ಬೀಡಿ, ಸಿಗರೇಟಿನ ಹೊಗೆ ಕಂಡವರಲ್ಲ. ಆದರೆ ಅಡುಗೆಯ ಸೌದೆ ಒಲೆ, ಬಚ್ಚಲೊಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಈ ಮೂರರ ಹೊಗೆಯಲ್ಲಿ ಆಯುಷ್ಯ ಕಳೆದವರು. ಮಲೆನಾಡಿನ ಹಿರಿಯ ಹೆಂಗಸರಲ್ಲಿ ಕಾಣುವ ದೀರ್ಘಕಾಲದ ಉಬ್ಬಸ, ಅಂದರೆ ವೈದ್ಯರು ಸಿಒಪಿಡಿ ಎನ್ನುವ ಕಾಯಿಲೆ, ಹಲವು ವರ್ಷಗಳಿಂದ ಅವರಿಗಿದೆ. ಈ ಸಲ ಅದರ ಮೇಲೆ ನ್ಯುಮೋನಿಯಾ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬುಲೈಸರ್ ಕೊಟ್ಟು ನೋಡಿ, ಮಂಪರು ಹೆಚ್ಚಾಗುತ್ತಿದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿರಬಹುದು ಎಂದು 108ರಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೋ ಖಾಸಗಿಗೋ ಎಂಬ ಚರ್ಚೆ ದಾರಿಯುದ್ದಕ್ಕೂ ನಡೆಯಿತು. ಹಳೆಯ ಎಕ್ಸ್‌ರೇ, ಎಕೋ ವರದಿಗಳೆಲ್ಲ ಈ ಖಾಸಗಿ ಆಸ್ಪತ್ರೆಯಲ್ಲೇ ಇದ್ದುದರಿಂದ ಇಲ್ಲಿಗೇ ಬಂದೆವು.

ತುರ್ತು ಚಿಕಿತ್ಸೆಯ ವಿಷಯದಲ್ಲಿ ನನ್ನದು ಪೂರ್ಣ ಮೆಚ್ಚುಗೆ. ಸ್ಟ್ರೆಚರ್ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಮಣಿಕಟ್ಟಿನ ಧಮನಿಯಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು, ಮೂಗು ಬಾಯಿ ಮುಚ್ಚುವ ಮಾಸ್ಕ್ ಕಟ್ಟಿ, ಒತ್ತಡದಿಂದ ಗಾಳಿ ನೂಕಿ ಉಸಿರಿಗೆ ನೆರವಾಗುವ ಬೈಪ್ಯಾಪ್ ಯಂತ್ರ ಹಚ್ಚಿದರು, ಪ್ರತಿಜೀವಕ ಶುರು ಮಾಡಿದರು. ಸಿಒಪಿಡಿ ಉಲ್ಬಣಗೊಂಡು ಇಂಗಾಲದ ಡೈಆಕ್ಸೈಡ್ ಏರಿದಾಗ ಬೈಪ್ಯಾಪ್ ಹಚ್ಚುವುದರಿಂದ ಗಂಟಲಿಗೆ ನಳಿಕೆ ಇಳಿಸುವ ಅಗತ್ಯವೂ ಸಾವಿನ ಪ್ರಮಾಣವೂ ತಗ್ಗುತ್ತವೆ ಎಂಬುದು ವೈದ್ಯಶಾಸ್ತ್ರದಲ್ಲಿ ಚೆನ್ನಾಗಿ ಸಾಬೀತಾದ ಸಂಗತಿ. ಆ ಕೆಲಸವನ್ನು ತಡಮಾಡದೆ, ಗಾಬರಿಯಿಲ್ಲದೆ ಮಾಡಿದರು.

ಅದೇ ಹೊತ್ತಿಗೆ ಹೊರಗಿನ ಕೌಂಟರಿನಲ್ಲಿ ನಡೆದದ್ದು ನನಗೆ ಒಪ್ಪಿಗೆಯಾಗಲಿಲ್ಲ. ಇಂಗ್ಲಿಷಿನಲ್ಲಿ ಅಚ್ಚಾದ ಕಾಗದದ ಒಂದು ಕಟ್ಟನ್ನು ದೊಡ್ಡಮ್ಮನ ಹಿರಿಯ ಮಗ ಅಣ್ಣಯ್ಯನ ಮುಂದಿಟ್ಟು, ಗುರುತು ಹಾಕಿದ ಕಡೆಯಲ್ಲೆಲ್ಲ ಸಹಿ ಮಾಡಬೇಕೆಂದರು. ಅದರಲ್ಲಿ ವೆಂಟಿಲೇಟರ್, ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್, ಡಯಾಲಿಸಿಸ್, ರಕ್ತ ಕೊಡುವುದು, ಹೃದಯ ನಿಂತರೆ ಎದೆ ಒತ್ತುವುದು, ಎಲ್ಲಕ್ಕೂ ಒಪ್ಪಿಗೆ ಒಟ್ಟಾಗಿಯೇ ಇತ್ತು. ಇವುಗಳಲ್ಲಿ ಈಗ ಯಾವುದು ಬೇಕಾಗಿದೆ ಎಂದು ಕೇಳಿದರೆ, “ಬೇಕಾದ್ರೆ ಮಾಡೋದಕ್ಕೆ ಇರಲಿ ಅಂತ ಅಷ್ಟೆ, ಸೈನ್ ಹಾಕಿ ಸರ್, ಒಳಗೆ ಲೇಟಾಗುತ್ತೆ” ಎಂಬ ಉತ್ತರ ಬಂತು. ತಾಯಿಗೆ ಉಸಿರು ಕಟ್ಟುತ್ತಿರುವಾಗ ಯಾವ ಮಗ ತಾನೇ ಓದುತ್ತ ಕೂರುತ್ತಾನೆ? ಅಣ್ಣಯ್ಯ ಸಹಿ ಹಾಕಿದರು. ಒಂದು ವಿಧಾನಕ್ಕೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಎಳೆದುಕೊಳ್ಳುವಂತಿಲ್ಲ, ಚಿಕಿತ್ಸೆಯ ಸ್ವರೂಪ, ಅಪಾಯ, ಬದಲಿ ದಾರಿಗಳನ್ನು ತಿಳಿಸಿದ ಮೇಲಷ್ಟೇ ಪಡೆದದ್ದು ಒಪ್ಪಿಗೆ ಎನಿಸುತ್ತದೆ ಎಂದು 2008ರಲ್ಲಿಯೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವಕ್ಕೆ ಅಪಾಯವಿರುವಾಗ ಕಾಯಲಾಗದು ಎಂಬ ವಿನಾಯಿತಿ ಇರುವುದು ನಿಜ, ಇರಲೂ ಬೇಕು. ಆದರೆ ನಾಳೆ ನಾಡಿದ್ದು ಬರಬಹುದಾದ ಡಯಾಲಿಸಿಸ್ಸಿಗೆ ಇಂದು ನಡುರಾತ್ರಿಯ ಸಹಿ ಏಕೆ ಬೇಕು? ರಾತ್ರಿ ಪಾಳಿಯ ಗುಮಾಸ್ತನನ್ನು ದೂರುವುದಿಲ್ಲ. ಅವನ ಕೈಗೆ ಆ ಕಟ್ಟನ್ನು ಕೊಟ್ಟವರನ್ನು ಕೇಳುತ್ತಿದ್ದೇನೆ. ಕನ್ನಡದಲ್ಲಿ ಒಂದು ಪುಟ, ಈ ಗಂಟೆಗೆ ಬೇಕಾದ ಚಿಕಿತ್ಸೆಗಷ್ಟೇ ಒಂದು ಸಹಿ, ಉಳಿದದ್ದಕ್ಕೆ ವೈದ್ಯರೇ ಕೂತು ಮಾತಾಡಿದ ಮೇಲೆ ಸಹಿ ಎಂಬ ಕ್ರಮವನ್ನು ಯಾವ ಆಸ್ಪತ್ರೆಯೂ ಮಾಡಿಕೊಳ್ಳಬಹುದು.

ಮರುದಿನ ಬೆಳಿಗ್ಗೆ ಐಸಿಯು ತಜ್ಞರು ನಮ್ಮನ್ನು ಒಳಗಿನ ಚಿಕ್ಕ ಕೋಣೆಗೆ ಕರೆದರು. ಈ ವಿಮರ್ಶೆಯನ್ನು ಬರೆಯಲು ಕಾರಣವೇ ಆ ಕೋಣೆಯಲ್ಲಿ ನಡೆದ ಮಾತುಕತೆ. ಅವರು ಬಾಗಿಲು ಮುಚ್ಚಿದರು, ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟರು, ನಮ್ಮೆಲ್ಲರಿಗೂ ಕುರ್ಚಿ ಸಿಕ್ಕಿದೆಯೇ ಎಂದು ನೋಡಿ ಆಮೇಲೆ ತಾವು ಕೂತರು. ಕಾಯಿಲೆಯ ವಿಷಯ ಎತ್ತುವ ಮೊದಲು, “ಜ್ವರ ಬರುವುದಕ್ಕೆ ಎರಡು ವಾರ ಮುಂಚೆ ಅಮ್ಮ ಹೇಗಿದ್ದರು, ಹೇಳಿ” ಎಂದರು. “ಚೆನ್ನಾಗೇ ಇದ್ದರು, ಓಡಾಡಿಕೊಂಡಿದ್ದರು” ಎಂದು ಅಣ್ಣಯ್ಯ ಹೇಳಿದರು. ವೈದ್ಯರು ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಸ್ನಾನಕ್ಕೆ ಹಂಡೆಯಿಂದ ನೀರು ತೋಡಿಕೊಳ್ಳುತ್ತಿದ್ದರೇ, ಯಾರಾದರೂ ಹಾಕಬೇಕಿತ್ತೇ? ಅಂಗಳದ ಮೆಟ್ಟಿಲು ಇಳಿಯುತ್ತಿದ್ದರೇ? ತೋಟಕ್ಕೆ ಕೊನೆಯ ಸಲ ಹೋದದ್ದು ಯಾವಾಗ? ಸೀರೆ ತಾವೇ ಉಡುತ್ತಿದ್ದರೇ? ಊಟ ಮೊದಲಿನಷ್ಟೇ ಇದೆಯೇ, ಸೊರಗಿದ್ದಾರೆಯೇ? ಒಂದೊಂದಕ್ಕೂ ಅತ್ತಿಗೆ ಉತ್ತರ ಕೊಡುತ್ತ ಹೋದಂತೆ ನಮಗೇ ಚಿತ್ರ ಸ್ಪಷ್ಟವಾಯಿತು. ಎರಡು ವರ್ಷದಿಂದ ಸ್ನಾನಕ್ಕೆ ಅತ್ತಿಗೆಯೇ ನೀರು ಹಾಕುತ್ತಿದ್ದರು. ತೋಟಕ್ಕೆ ಹೋಗುವುದು ನಿಂತು ಬಹಳ ಕಾಲವಾಗಿತ್ತು. ಜಗಲಿಯಿಂದ ದೇವರ ಕೋಣೆಗೆ ಗೋಡೆ ಹಿಡಿದು ನಡೆಯುವುದನ್ನೇ ನಾವು ಓಡಾಟ ಎಂದುಕೊಂಡಿದ್ದೆವು.

ಈ ಪ್ರಶ್ನೆಗಳ ಹಿಂದೆ ಒಂದು ಅಳತೆಗೋಲಿದೆ. ಕೆನಡಾದ ವೃದ್ಧಾಪ್ಯ ತಜ್ಞ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ, ಈಗ 1ರಿಂದ 9ರವರೆಗೆ ಅಂಕ ನೀಡುವ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್ ಅದು. ಒಂದು ಎಂದರೆ ಗಟ್ಟಿಮುಟ್ಟು, ಒಂಬತ್ತು ಎಂದರೆ ಕೊನೆಗಾಲ. ಹೊರಗಿನ ಕೆಲಸ, ಮನೆವಾರ್ತೆ, ಸ್ನಾನ ಇವುಗಳಿಗೆ ಇನ್ನೊಬ್ಬರ ನೆರವು ಬೇಕಾದವರು ಆರರಲ್ಲಿ ಬರುತ್ತಾರೆ, ದೊಡ್ಡಮ್ಮ ಅಲ್ಲಿದ್ದರು. ಕಾಯಿಲೆ ಬೀಳುವುದಕ್ಕೆ ಎರಡು ವಾರ ಮೊದಲಿನ ಸ್ಥಿತಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ, ಏಕೆಂದರೆ ಹಾಸಿಗೆ ಹಿಡಿದ ದಿನ ಎಲ್ಲರೂ ನಿತ್ರಾಣರಾಗಿಯೇ ಕಾಣುತ್ತಾರೆ. ಯುರೋಪಿನ ಐಸಿಯುಗಳಲ್ಲಿ ಎಂಬತ್ತು ದಾಟಿದವರನ್ನು ಕುರಿತು ನಡೆದ, 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ ಈ ನಿಶ್ಶಕ್ತಿಯ ಅಂಕಕ್ಕೂ ಮೂವತ್ತು ದಿನ ಬದುಕುಳಿಯುವುದಕ್ಕೂ ಸ್ಪಷ್ಟ ನಂಟಿದೆ ಎಂದು ತೋರಿಸಿತು. ನಮ್ಮಲ್ಲಿ “84 ಆಯ್ತಲ್ಲ, ಇನ್ನೇನು” ಎನ್ನುವವರೂ ಇದ್ದಾರೆ, “ವಯಸ್ಸು ಎಷ್ಟಾದರೇನು, ಎಲ್ಲ ಮಾಡಿಸಿ” ಎನ್ನುವವರೂ ಇದ್ದಾರೆ. ಇಬ್ಬರೂ ನೋಡುವುದು ವಯಸ್ಸಿನ ಅಂಕಿಯನ್ನು ಮಾತ್ರ. ತೊಂಬತ್ತರಲ್ಲೂ ತಾವೇ ಕೊಟ್ಟಿಗೆ ನೋಡಿಕೊಳ್ಳುವವರಿದ್ದಾರೆ, ಎಪ್ಪತ್ತಕ್ಕೇ ಹಾಸಿಗೆ ಹಿಡಿದವರಿದ್ದಾರೆ. ಹಿರಿಯರನ್ನು ಐಸಿಯುಗೆ ಸೇರಿಸಿಕೊಳ್ಳುವ ಆಸ್ಪತ್ರೆಯೊಂದು ಹಂಡೆಯ ನೀರಿನ ಬಗ್ಗೆ ಕೇಳುತ್ತದೆಯೋ ಇಲ್ಲವೋ ಎಂಬುದನ್ನು ನಾನು ಅದರ ಗುಣಮಟ್ಟದ ಮೊದಲ ಗುರುತಾಗಿ ಹಿಡಿಯುತ್ತೇನೆ.

ಅನಂತರ ವೆಂಟಿಲೇಟರಿನ ಮಾತು ಬಂತು. ಬೈಪ್ಯಾಪಿನಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯದಿದ್ದರೆ ಮುಂದಿನ ಹೆಜ್ಜೆ ಗಂಟಲಿಗೆ ನಳಿಕೆ ಇಳಿಸಿ ಯಂತ್ರಕ್ಕೆ ಜೋಡಿಸುವುದು. ಹಾಗೆ ಮಾಡಿದರೆ ನಿದ್ದೆಯ ಔಷಧ ಕೊಡಬೇಕಾಗುತ್ತದೆ, ಮಾತು ನಿಲ್ಲುತ್ತದೆ, ಮೂಗಿನ ಕೊಳವೆಯಿಂದ ಆಹಾರ ಕೊಡಬೇಕಾಗುತ್ತದೆ, ಮಲಗಿದಲ್ಲೇ ದಿನದಿನಕ್ಕೂ ಸ್ನಾಯುಗಳು ಕರಗುತ್ತವೆ. ಮೊದಲೇ ಸೋತ ಶ್ವಾಸಕೋಶಕ್ಕೆ ಯಂತ್ರ ಬಿಡಿಸುವುದು ಕಷ್ಟ; ಒಂದೆರಡು ವಾರಕ್ಕೂ ಬಿಡದಿದ್ದರೆ ಕುತ್ತಿಗೆಯಲ್ಲಿ ರಂಧ್ರ ಮಾಡುವ ಟ್ರಕಿಯಾಸ್ಟಮಿಯ ಪ್ರಶ್ನೆ ಏಳುತ್ತದೆ. ಇದನ್ನೆಲ್ಲ ವೈದ್ಯರು ಹೆದರಿಸುವ ಧಾಟಿಯಲ್ಲಿ ಹೇಳಲಿಲ್ಲ, ಆಸೆ ತೋರಿಸುವ ಧಾಟಿಯಲ್ಲೂ ಹೇಳಲಿಲ್ಲ. ಹೃದಯ ನಿಂತಾಗ ಎದೆ ಒತ್ತುವುದೆಂದರೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತುವುದು. ಮೂಳೆ ಸವೆದ ವಯಸ್ಸಿನಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ ಎಂಬುದನ್ನೂ ಹಾಗೆಯೇ ತಿಳಿಸಿದರು. ಅಣ್ಣಯ್ಯನ ಕೈ ನಡುಗಿತು. ಆದರೂ ತಿಳಿಯದೆ ಸಹಿ ಹಾಕಿದ ರಾತ್ರಿಗಿಂತ ತಿಳಿದು ನಡುಗಿದ ಆ ಬೆಳಗೇ ಮೇಲು ಎಂದು ಆಮೇಲೆ ಅವರೇ ಹೇಳಿದರು.

ಮನೆಗೆ ಬಂದ ಮೇಲೆ ನಾನು ಈ ವಿಷಯದ ಅಧ್ಯಯನಗಳನ್ನು ಹುಡುಕಿ ಓದಿದೆ. ಫ್ರಾನ್ಸಿನ 24 ಆಸ್ಪತ್ರೆಗಳಲ್ಲಿ 75 ದಾಟಿದ 3,000ಕ್ಕೂ ಹೆಚ್ಚು ರೋಗಿಗಳನ್ನು ಕುರಿತ ಒಂದು ಪ್ರಯೋಗದ ವರದಿ 2017ರಲ್ಲಿ ಬಂದಿದೆ. ಕೆಲವು ಆಸ್ಪತ್ರೆಗಳಲ್ಲಿ ಇಂಥವರನ್ನು ತಪ್ಪದೆ ಐಸಿಯುಗೆ ಸೇರಿಸಬೇಕೆಂಬ ಸಲಹೆಯನ್ನು ಜಾರಿಗೆ ತಂದರು, ಉಳಿದವುಗಳಲ್ಲಿ ಎಂದಿನ ಪದ್ಧತಿ ಮುಂದುವರಿಯಿತು. ಸಲಹೆ ಜಾರಿಯಾದ ಕಡೆ ಐಸಿಯು ದಾಖಲಾತಿ ಬಹಳ ಹೆಚ್ಚಿತು. ಆರು ತಿಂಗಳ ಸಾವಿನ ಪ್ರಮಾಣ ಮಾತ್ರ ಕಡಿಮೆಯಾಗಲಿಲ್ಲ. ಕೆನಡಾದಲ್ಲಿ ಐಸಿಯುಗೆ ದಾಖಲಾದ ಎಂಬತ್ತು ಮೀರಿದವರನ್ನು ಒಂದು ವರ್ಷ ಹಿಂಬಾಲಿಸಿ ನೋಡಿದಾಗ ಬದುಕಿ, ಮೊದಲಿನ ದೈಹಿಕ ಶಕ್ತಿಗೆ ಮರಳಿದವರು ಸುಮಾರು ನಾಲ್ವರಲ್ಲಿ ಒಬ್ಬರು. ಇವು ಬೇರೆ ದೇಶದ ಲೆಕ್ಕಗಳು, ನಮ್ಮ ದೊಡ್ಡಮ್ಮನಿಗೆ ಏನಾಗುತ್ತದೆಂದು ಇವು ಹೇಳಲಾರವು. ಆದರೆ ಐಸಿಯುಗೆ ಸೇರಿಸಿದರೆ ಉಳಿಯುತ್ತಾರೆ, ಇಲ್ಲದಿದ್ದರೆ ಇಲ್ಲ ಎಂಬ ಎರಡೇ ಬಾಗಿಲಿನ ಲೆಕ್ಕಾಚಾರ ಸರಿಯಲ್ಲ ಎಂಬುದನ್ನಂತೂ ತೋರಿಸುತ್ತವೆ. ನಾಲ್ವರಲ್ಲಿ ಆ ಒಬ್ಬರು ಇದ್ದೇ ಇದ್ದಾರೆ ಎಂಬುದನ್ನೂ ಮರೆಯುವಂತಿಲ್ಲ. ಬೈಪ್ಯಾಪ್, ಪ್ರತಿಜೀವಕಗಳನ್ನು ದೊಡ್ಡಮ್ಮನಿಗೆ ಕೊಡಿಸಿದ್ದು ಆ ಕಾರಣಕ್ಕೇ.

ನಮ್ಮ ಮನೆಯಲ್ಲಿ ಒಮ್ಮತವಿತ್ತೆಂದು ಯಾರೂ ತಿಳಿಯಬಾರದು. ಬೆಂಗಳೂರಿನಲ್ಲಿರುವ ಎರಡನೆಯ ಮಗ ಫೋನಿನಲ್ಲಿ, “ದುಡ್ಡು ಎಷ್ಟಾದರೂ ಆಗಲಿ, ಏನೂ ಬಿಡಬೇಡಿ, ಬೇಕಾದರೆ ಮಣಿಪಾಲಕ್ಕೆ ಸಾಗಿಸಿ” ಎಂದು ಪಟ್ಟು ಹಿಡಿದರು. ವರ್ಷಕ್ಕೆರಡು ಸಲ ಬಂದು ಹೋಗುವ ಮಗನಿಗೆ ತಾಯಿ ಯುಗಾದಿಯಂದು ಕಂಡಂತೆಯೇ ಕಣ್ಣ ಮುಂದಿರುತ್ತಾರೆ. ಅದು ಪ್ರೀತಿಯ ಮಾತು, ಅದನ್ನು ಹೀಗಳೆಯುವ ಮನಸ್ಸು ನನಗಿಲ್ಲ. ವೈದ್ಯರು ಅವರನ್ನು ವಿಡಿಯೊ ಕರೆಯಲ್ಲಿ ಸೇರಿಸಿಕೊಂಡು ಹಿಂದಿನದನ್ನೆಲ್ಲ ಇನ್ನೊಮ್ಮೆ ಸಮಾಧಾನದಿಂದ ಹೇಳಿದರು. ಮಳೆಯಲ್ಲಿ ಆಗುಂಬೆ ಘಾಟಿ ಇಳಿಸಿಕೊಂಡು ಹೋಗುವುದರಲ್ಲಿರುವ ಅಪಾಯವನ್ನೂ, ಈ ಕಾಯಿಲೆಗೆ ಅಲ್ಲಿ ಸಿಗುವ ಚಿಕಿತ್ಸೆಯೂ ಇದೇ ಎಂಬುದನ್ನೂ ವಿವರಿಸಿದರು. ಕೊನೆಗೆ ಅವರು ಕೇಳಿದ ಪ್ರಶ್ನೆ ಇದು: “ನಿಮಗೆ ಏನು ಬೇಕು ಅಂತ ನಾನು ಕೇಳುತ್ತಿಲ್ಲ. ಅಮ್ಮ ಈಗ ಎದ್ದು ಕೂತು ಇದನ್ನೆಲ್ಲ ಕೇಳಿಸಿಕೊಂಡರೆ ಏನು ಹೇಳುತ್ತಿದ್ದರು?” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ತೀರಿಕೊಂಡಾಗ ಬಾಯಲ್ಲಿ ಕೊಳವೆಯಿದ್ದ ಕಾರಣ ತುಳಸಿ ನೀರು ಬಿಡಲಾಗಲಿಲ್ಲವೆಂದು ದೊಡ್ಡಮ್ಮ ಎಷ್ಟು ವರ್ಷ ಕೊರಗಿದರು ಎಂಬುದನ್ನು ಅತ್ತಿಗೆ ಹೇಳಿದರು. ಬೆಂಗಳೂರಿನ ಮಗನಿಗೂ ಅದು ನೆನಪಿತ್ತು. ಮಕ್ಕಳ ಹೆಗಲ ಮೇಲಿಂದ ಆ ಪ್ರಶ್ನೆ ದೊಡ್ಡ ಭಾರವನ್ನು ಇಳಿಸಿತು. “ತಾಯಿಯನ್ನು ಕೈಬಿಟ್ಟರು” ಎಂದು ಊರವರು ಆಡಿಕೊಂಡಾರೆಂಬ ಭಯ ಎಷ್ಟೋ ಮನೆಗಳಲ್ಲಿ ಬಾಯಿಬಿಟ್ಟು ಹೇಳದ ಕಾರಣವಾಗಿರುತ್ತದೆ. ತಾಯಿಯ ಮಾತನ್ನು ನಡೆಸಿಕೊಡುತ್ತಿದ್ದೇವೆ ಎಂಬ ತಿಳಿವಳಿಕೆ ಬಂದ ಮೇಲೆ ಆ ಭಯಕ್ಕೆ ಬಲವಿರುವುದಿಲ್ಲ.

ಅಂದು ಆದ ತೀರ್ಮಾನ ಹೀಗಿತ್ತು. ಬೈಪ್ಯಾಪ್, ಪ್ರತಿಜೀವಕ, ಸಲೈನ್, ಉಬ್ಬಸದ ಔಷಧ ಎಲ್ಲವನ್ನೂ ಪೂರ್ಣ ಪ್ರಮಾಣದಲ್ಲಿ ಕೊಡುವುದು. ಎರಡು ಮೂರು ದಿನ ಬಿಟ್ಟು ಮತ್ತೆ ಎಲ್ಲರೂ ಕೂತು, ರಕ್ತದ ವರದಿ, ಎಚ್ಚರ, ಮೂತ್ರದ ಪ್ರಮಾಣ ಇವನ್ನು ನೋಡಿ ಮುಂದಿನದನ್ನು ಯೋಚಿಸುವುದು. ಅಲ್ಲಿಯವರೆಗೆ ನಳಿಕೆಯ ಪ್ರಶ್ನೆ ಎದ್ದರೆ ಹಾಕುವ ಮೊದಲು ಅಣ್ಣಯ್ಯನಿಗೆ ಕರೆ ಮಾಡುವುದು. ಹೀಗೆ ಅವಧಿ ಗೊತ್ತುಮಾಡಿ, ಯಾವುದನ್ನು ಚೇತರಿಕೆ ಎನ್ನಬೇಕು ಎಂಬುದನ್ನೂ ಮೊದಲೇ ಮಾತಾಡಿಕೊಂಡು ಚಿಕಿತ್ಸೆ ಕೊಟ್ಟು ನೋಡುವುದು ಹಿರಿಯರ ವಿಷಯದಲ್ಲಿ ಬಹಳ ವಿವೇಕದ ದಾರಿ ಎಂದು ನನಗೆ ಅನ್ನಿಸಿದೆ. ಎಲ್ಲವನ್ನೂ ಮಾಡುವುದು, ಏನನ್ನೂ ಮಾಡದಿರುವುದು ಎಂಬ ಎರಡು ತುದಿಗಳ ನಡುವೆ ಇಷ್ಟು ಜಾಗವಿದೆಯೆಂದು ನಮ್ಮ ಕಡೆಯ ಬಹಳ ಮನೆಗಳಿಗೆ ಯಾರೂ ಹೇಳಿರುವುದಿಲ್ಲ. ವೈದ್ಯರು ಈ ಮಾತುಕತೆಯನ್ನು ಕೇಸ್ ಶೀಟಿನಲ್ಲಿ ಬರೆದು, ನಮ್ಮ ಮುಂದೆ ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಸಹಿ ತೆಗೆದುಕೊಂಡರು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಅದನ್ನು ಗುರುತಿಸಿದವರು ಒಬ್ಬ ಹಿರಿಯ ನರ್ಸ್. ದೊಡ್ಡಮ್ಮ ಎಚ್ಚರಗೊಂಡಿದ್ದರು, ಆದರೆ ಏನೇನೋ ಬಡಬಡಿಸುತ್ತಿದ್ದರು, ಮಾಸ್ಕ್ ಕಿತ್ತು ಹಾಕುತ್ತಿದ್ದರು. ರಾತ್ರಿ ಪಾಳಿಯವರು ಗಾಜ್ ಬಟ್ಟೆಯಿಂದ ಕೈಯನ್ನು ಮಂಚದ ಕಂಬಿಗೆ ಕಟ್ಟಿದ್ದರು. ಹಗಲು ಬಂದ ಆ ನರ್ಸ್, “ಅಜ್ಜಿಗೆ ಕನ್ನಡಕ, ಕಿವಿಯ ಮೆಷಿನ್ ಏನಾದರೂ ಇದೆಯಾ?” ಎಂದು ಹೊರಗೆ ಬಂದು ಕೇಳಿದರು. ಎರಡೂ ಇದ್ದವು, ಸೇರಿಸುವಾಗ ತೆಗೆದು, ಸರ, ಬಳೆಗಳ ಜೊತೆ ಲಕೋಟೆಯಲ್ಲಿ ಹಾಕಿ ನಮ್ಮ ಕೈಗೇ ಕೊಟ್ಟಿದ್ದರು. ಮೂರು ಹೊತ್ತೂ ದೀಪ ಉರಿಯುವ, ಯಂತ್ರಗಳು ಕೂಗುತ್ತಲೇ ಇರುವ ಕೋಣೆಯಲ್ಲಿ, ಕಿವಿ ಕೇಳಿಸದೆ, ಕಣ್ಣು ಕಾಣಿಸದೆ, ಗುರುತಿನ ಮುಖವಿಲ್ಲದೆ ಮಲಗಿದ 84ರ ಹೆಂಗಸು ಗಲಿಬಿಲಿಗೊಳ್ಳದೆ ಇನ್ನೇನಾದಾರು? ಐಸಿಯುನಲ್ಲಿ ಹಿರಿಯರಿಗೆ ಬರುವ ಈ ಸನ್ನಿಗೆ ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಸೋಂಕು, ಔಷಧ, ನಿದ್ದೆಗೇಡು ಮುಂತಾಗಿ ಕಾರಣಗಳು ಹಲವು. ಕನ್ನಡಕ, ಶ್ರವಣ ಯಂತ್ರ ಇಲ್ಲದಿರುವುದೂ ಅವುಗಳಲ್ಲಿ ಒಂದು, ಮತ್ತು ಸುಲಭವಾಗಿ ಸರಿಪಡಿಸಬಹುದಾದದ್ದು. ನರ್ಸ್ ಶ್ರವಣ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿ, ಕಿವಿಗಿಟ್ಟು, ಬಗ್ಗಿ, “ಅಜ್ಜಿ, ಇದು ಶಿವಮೊಗ್ಗ, ಆಸ್ಪತ್ರೆ, ಈಗ ಬೆಳಿಗ್ಗೆ, ನಿಮ್ಮ ಮಗ ಹೊರಗೇ ಇದ್ದಾರೆ” ಎಂದು ನಿಧಾನವಾಗಿ ಹೇಳಿ, ಕೈಯ ಕಟ್ಟು ಬಿಚ್ಚಿದರು. ಭೇಟಿಯ ಸಮಯವಲ್ಲದಿದ್ದರೂ ಅತ್ತಿಗೆಯನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿದರು. ಸಂಜೆಯ ಹೊತ್ತಿಗೆ ದೊಡ್ಡಮ್ಮ ಕರುವಿಗೆ ಹಾಲು ಬಿಟ್ಟಿದ್ದೀರಾ ಎಂದು ವಿಚಾರಿಸುವಷ್ಟು ತಿಳಿಯಾಗಿದ್ದರು.

ತಜ್ಞ ವೈದ್ಯರು ಆಗ ಬಂದು, ಮಕ್ಕಳನ್ನು ಕೇಳಿದ್ದನ್ನೇ ಅವರನ್ನೂ ಕೇಳಿದರು. “ಅಮ್ಮ, ಉಸಿರು ಮತ್ತೆ ಕಟ್ಟಿದರೆ ಗಂಟಲಿಗೆ ಪೈಪ್ ಹಾಕಿ ಮೆಷಿನ್‌ಗೆ ಜೋಡಿಸಬೇಕಾಗಬಹುದು. ಹಾಕಲೋ ಬೇಡವೋ?” ದೊಡ್ಡಮ್ಮ ಮಾಸ್ಕನ್ನು ಸರಿಸಿ, “ಮೂಗಿಗೆ ಕಟ್ಟಿದ್ದು ಇರಲಿ. ಗಂಟಲಿಗೆ ಬೇಡ. ಅವರನ್ನು ನೋಡಿದ್ದೇನೆ ನಾನು” ಎಂದರು. ವೈದ್ಯರು ಒಮ್ಮೆಗೇ ಒಪ್ಪಿಕೊಳ್ಳದೆ, ಮರುದಿನ ಮತ್ತೆ ಅದೇ ಪ್ರಶ್ನೆ ಕೇಳಿ, ಉತ್ತರ ಬದಲಾಗಿಲ್ಲವೆಂದು ಖಚಿತಪಡಿಸಿಕೊಂಡು ಬರೆದುಕೊಂಡರು. ಸ್ವಸ್ಥ ಬುದ್ಧಿಯ ವಯಸ್ಕ ರೋಗಿಗೆ ಚಿಕಿತ್ಸೆಯನ್ನು ನಿರಾಕರಿಸುವ ಹಕ್ಕಿದೆ. ನಾವೆಲ್ಲ ಸುತ್ತ ಕೂತು ಅವರು ಏನು ಹೇಳುತ್ತಿದ್ದರೆಂದು ಊಹಿಸುತ್ತಿದ್ದಾಗ, ಹೇಳಬಲ್ಲವರು ಬಾಗಿಲಿನ ಆಚೆಯೇ ಇದ್ದರು. ಹಿರಿಯರ ಎದುರು ಇಂಥ ಮಾತು ಎತ್ತಬಾರದು, ಎದೆಗುಂದುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನಾನು ಕಂಡಂತೆ ದೊಡ್ಡಮ್ಮ ಎದೆಗುಂದಲಿಲ್ಲ, ಹೇಳಬೇಕಾದ್ದನ್ನು ಹೇಳಿದೆನೆಂಬ ನೆಮ್ಮದಿಯಲ್ಲಿ ನಿದ್ದೆ ಮಾಡಿದರು.

ಉಳಿದ ವ್ಯವಸ್ಥೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಘಟಕ ಶುಚಿಯಾಗಿತ್ತು, ಸಿಬ್ಬಂದಿ ಪ್ರತಿ ರೋಗಿಯ ಬಳಿಯೂ ಕೈ ತೊಳೆದೇ ಮುಟ್ಟುತ್ತಿದ್ದರು, ಬೆನ್ನಿಗೆ ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿದರು. ಕಾಯುವ ಕೋಣೆಯಲ್ಲಿ ರಾತ್ರಿ ತಂಗುವ ಹೆಂಗಸರಿಗೆ ಪ್ರತ್ಯೇಕ ಜಾಗವಿಲ್ಲ. ಕ್ಯಾಂಟೀನಿನಲ್ಲಿ ಗಂಜಿ ಸಿಗುತ್ತದೆ. ಭೇಟಿಗೆ ದಿನಕ್ಕೆ ಎರಡು ಹೊತ್ತು, ಒಬ್ಬೊಬ್ಬರಿಗೇ ಅವಕಾಶ; ಸಂಜೆಯ ಭೇಟಿ ಮುಗಿಸಿ ಹಳ್ಳಿಯ ಕೊನೆಯ ಬಸ್ಸು ಹಿಡಿಯುವುದು ಕಷ್ಟ. ಬಿಲ್ಲಿನಲ್ಲಿ ಹಾಸಿಗೆಯ ಬಾಡಿಗೆಗಿಂತ ಔಷಧ, ಪರೀಕ್ಷೆಗಳ ಪಾಲೇ ದೊಡ್ಡದಿತ್ತು. ಮೊದಲ ದಿನವೇ ಅಂದಾಜು ಕೇಳಿದರೆ ಹಾಸಿಗೆಯ ದರವನ್ನಷ್ಟೇ ಹೇಳಿದರು. ಇದು ಸರಿಯಲ್ಲ, ದಿನದ ಒಟ್ಟು ಖರ್ಚಿನ ಅಂದಾಜನ್ನೇ ಲಿಖಿತವಾಗಿ ಕೊಡಬೇಕು. ಬಿಪಿಎಲ್ ಕಾರ್ಡಿರುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವಿಗೆ ಅರ್ಹರು. ಆಸ್ಪತ್ರೆ ಯೋಜನೆಯಲ್ಲಿ ನೋಂದಾಯಿಸಿದೆಯೇ ಎಂದು ಸೇರಿಸುವಾಗಲೇ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕೇಳುವುದು ಒಳ್ಳೆಯದು. ತೋಟ ಅಡವಿಟ್ಟು ಐಸಿಯು ಬಿಲ್ಲು ಕಟ್ಟಿದ ಮನೆಗಳನ್ನು ನಾನು ಬಲ್ಲೆ. ಹಣದ ಮಾತನ್ನು ಆಡುವುದು ತಾಯಿಗೆ ಮಾಡುವ ಅವಮಾನವೆಂದು ಸುಮ್ಮನಿರುವವರಿಗೆ, ಸಹಿಯ ಕಾಗದದ ಜೊತೆಗೇ ಆ ಅಂದಾಜು ಸಿಗಬೇಕು.

ದೊಡ್ಡಮ್ಮನಿಗೆ ಬೈಪ್ಯಾಪ್ ಸಾಕಾಯಿತು. ವಾರ್ಡಿಗೆ ಬಂದು, ಅಲ್ಲಿಂದ ಮನೆಗೆ ಹೊರಟಾಗ ಈ ಆಸ್ಪತ್ರೆಯ ಸೇವೆಯಲ್ಲಿನ ದೊಡ್ಡ ತೆರಪು ಕಾಣಿಸಿತು. ಔಷಧಿಯ ಪಟ್ಟಿ ಕೊಟ್ಟು, ಮನೆಯಲ್ಲಿ ಆಮ್ಲಜನಕ ಕೊಡಿ ಎಂದಷ್ಟೇ ಹೇಳಿದರು. ಮಳೆಗಾಲದ ಹೊಸನಗರದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುತ್ತದೆ, ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರ ವಿದ್ಯುತ್ತಿಲ್ಲದೆ ನಡೆಯುವುದಿಲ್ಲ, ಆದ್ದರಿಂದ ತುಂಬಿದ ಒಂದು ಸಿಲಿಂಡರನ್ನು ಜೊತೆಗೆ ಇಟ್ಟುಕೊಳ್ಳಬೇಕು, ಸೌದೆ ಒಲೆಯ ಹತ್ತಿರ, ದೇವರ ದೀಪದ ಹತ್ತಿರ ಆಮ್ಲಜನಕ ಇಡಬಾರದು ಎಂಬುದನ್ನೆಲ್ಲ ನಾವೇ ಕೇಳಿ ಕೇಳಿ ತಿಳಿಯಬೇಕಾಯಿತು. ಇನ್ನು, ವೆಂಟಿಲೇಟರ್ ಬೇಡವೆಂದವರಿಗೆ ಮುಂದೆ ಉಸಿರಾಟದ ಸಂಕಟ ಬಂದಾಗ ಅದನ್ನು ತಗ್ಗಿಸುವ ಔಷಧಗಳಿವೆ. ಬಹಳ ಸಣ್ಣ ಪ್ರಮಾಣದ ಮಾರ್ಫಿನ್ ಅವುಗಳಲ್ಲೊಂದು. ಅದನ್ನು ಬರೆದುಕೊಡುವ, ಮನೆಗೆ ಬಂದು ನೋಡುವ ಉಪಶಮನ ಆರೈಕೆಯ ತಂಡ ಈ ಆಸ್ಪತ್ರೆಯಲ್ಲಿಲ್ಲ. ನಳಿಕೆ ಬೇಡವೆನ್ನುವ ಹಕ್ಕನ್ನು ಗೌರವಿಸಿದ ಆಸ್ಪತ್ರೆ, ಬೇಡವೆಂದವರು ಸಂಕಟಪಡದಂತೆ ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕು. ಎಷ್ಟೋ ಮನೆಯವರು “ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇವೆ” ಎಂದು ಬರೆದುಕೊಟ್ಟು ಹಿರಿಯರನ್ನು ಆಂಬ್ಯುಲೆನ್ಸಿನಲ್ಲಿ ಹಳ್ಳಿಗೆ ತರುತ್ತಾರೆ. ಆ ಕಾಗದದ ಜೊತೆ ನೋವಿನ ಔಷಧದ ಒಂದು ಚೀಟಿಯೂ ಇರುವುದಿಲ್ಲ. ಈ ಆಸ್ಪತ್ರೆಗೆ ನಾನು ಎಲ್ಲಕ್ಕಿಂತ ಕಡಿಮೆ ಅಂಕ ಕೊಡುವುದು ಈ ವಿಷಯಕ್ಕೆ.

ಕಾನೂನಿನ ಬಗ್ಗೆಯೂ ಒಂದಿಷ್ಟು ತಿಳಿದಿರಬೇಕು, ಏಕೆಂದರೆ ಕೌಂಟರಿನಲ್ಲಿ “ಒಮ್ಮೆ ಹಾಕಿದ್ದನ್ನು ತೆಗೆಯೋಕಾಗಲ್ಲ, ಪೊಲೀಸ್ ಕೇಸಾಗುತ್ತೆ” ಎಂಬ ಮಾತು ನಮಗೂ ಕೇಳಿಬಂತು. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಚೇತರಿಕೆಯ ಭರವಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಬೇಕಾದರೆ ಆಸ್ಪತ್ರೆಯ ಪ್ರಾಥಮಿಕ ವೈದ್ಯಕೀಯ ಮಂಡಳಿ, ಅದರ ಮೇಲೆ ದ್ವಿತೀಯ ಮಂಡಳಿ ಪರಿಶೀಲಿಸಿ ಒಪ್ಪಬೇಕು, ಮನೆಯವರ ಒಪ್ಪಿಗೆ ಬೇಕು, ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೊಳಿಸುವ ಸುತ್ತೋಲೆಯನ್ನು 2025ರ ಜನವರಿಯಲ್ಲಿ ಹೊರಡಿಸಿದೆ. ಕೇಂದ್ರ ಆರೋಗ್ಯ ಸಚಿವಾಲಯದ 2023ರ ಐಸಿಯು ಮಾರ್ಗಸೂಚಿಯಂತೂ ರೋಗಿ ಅಥವಾ ಹತ್ತಿರದ ಬಂಧುಗಳು ತಿಳಿದು ನಿರಾಕರಿಸಿದರೆ, ಇಲ್ಲವೇ ಐಸಿಯು ಬೇಡವೆಂದು ಮೊದಲೇ ಬರೆದಿಟ್ಟಿದ್ದರೆ ಸೇರಿಸಬಾರದೆಂದು ಸ್ಪಷ್ಟಪಡಿಸಿದೆ. ನಮ್ಮ ಪ್ರಕರಣ ಮಂಡಳಿಯವರೆಗೆ ಹೋಗಲಿಲ್ಲ. ಹೋಗಬೇಕಾಗಿದ್ದರೆ ಆ ಮಂಡಳಿಯಲ್ಲಿ ಯಾರಿದ್ದಾರೆಂದು ಹೇಳಬಲ್ಲವರು ಸ್ವಾಗತದ ಮೇಜಿನಲ್ಲಿ ಇರಲಿಲ್ಲ.

ಮನೆಗೆ ಬಂದು ಸುಧಾರಿಸಿಕೊಂಡ ಮೇಲೆ ದೊಡ್ಡಮ್ಮ ತಾವಾಗಿಯೇ ಮುಂಗಡ ವೈದ್ಯಕೀಯ ನಿರ್ದೇಶನ, ಅಂದರೆ ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ತಿಳಿಸಿಡುವ ಪತ್ರ, ಬರೆಸಿದರು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಅದಕ್ಕೆ ಬೆಲೆ ಬರುತ್ತದೆ. ತಮಗೆ ಹೇಳಲಾಗದಾಗ ತಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ದೊಡ್ಡಮ್ಮ ಹಿರಿಯ ಮಗನ ಜೊತೆಗೆ ಅತ್ತಿಗೆಯ ಹೆಸರನ್ನೂ ಬರೆಸಿದರು. ಮಾಸ್ಕಿನ ಚಿಕಿತ್ಸೆ, ಔಷಧ, ಆಮ್ಲಜನಕ ಬೇಕು. ಗಂಟಲ ನಳಿಕೆ, ಡಯಾಲಿಸಿಸ್, ಎದೆ ಒತ್ತುವುದು ಬೇಡ ಎಂಬುದು ಅದರ ಸಾರ. ಅದರ ಪ್ರತಿಯನ್ನು ಆಸ್ಪತ್ರೆಯ ಕಡತಕ್ಕೆ ಸೇರಿಸಲು ಹೋದಾಗ ಸ್ವಾಗತದಿಂದ ಬಿಲ್ಲಿಂಗಿಗೆ, ಅಲ್ಲಿಂದ ಆಡಳಿತ ಕಚೇರಿಗೆ ಅಲೆಸಿದರು, ಯಾರಿಗೂ ಅದು ಏನೆಂದು ತಿಳಿದಿರಲಿಲ್ಲ. ಕೊನೆಗೆ ಆ ತಜ್ಞ ವೈದ್ಯರೇ ಹೊರಬಂದು, ವೈದ್ಯಕೀಯ ದಾಖಲೆ ವಿಭಾಗದಲ್ಲಿ ಸ್ವೀಕೃತಿಯ ಮೊಹರು ಹಾಕಿಸಿ, ಕಡತದ ಮೊದಲ ಪುಟಕ್ಕೆ ಅದನ್ನು ಲಗತ್ತಿಸಿದರು. ನಿರ್ದೇಶನ ಬರೆಸಿದವರು ಈ ಆಸ್ಪತ್ರೆಗೆ ಬರುವುದಾದರೆ ನೇರವಾಗಿ ದಾಖಲೆ ವಿಭಾಗಕ್ಕೇ ಹೋಗಿ, ಮೊಹರು ಬಿದ್ದ ಪ್ರತಿಯೊಂದನ್ನು ಕೇಳಿ ಪಡೆಯಿರಿ, ಇನ್ನೊಂದನ್ನು ರೇಷನ್ ಕಾರ್ಡು, ಆಧಾರ್, ಹಳೆಯ ವರದಿಗಳು ಮತ್ತು ಶ್ರವಣ ಯಂತ್ರದ ಬ್ಯಾಟರಿಯ ಜೊತೆ, ರಾತ್ರಿ ಹೊರಡುವಾಗ ಕೈಗೆ ಸಿಗುವಂತೆ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ.